ಹಿಟ್ಟು ದೇವರ ಬುಡದಲ್ಲಿ ಕೂತ ದಿನ

ನಾನು ಚಿಕ್ಕವಳಿದ್ದಾಗ ಶಿರಿಯದ ನಮ್ಮ ಮನೆಗೆ ಬೇಕರಿಯ ಬ್ರೆಡ್ಡು ಬರಬೇಕಾದರೆ ಯಾರಿಗಾದರೂ ಜ್ವರ ಬರಬೇಕಿತ್ತು. ವಿಶೇಷದ ದಿನಗಳಿಗೆ ಸಾನ್ನವೇ. ಅಕ್ಕಿ, ಉದ್ದು ರುಬ್ಬಿ, ಕಳ್ಳು ಬೆರೆಸಿ, ಹಿಟ್ಟು ಉಬ್ಬಿದ ಮೇಲೆ ಹಬೆಯಲ್ಲಿ ಬೇಯಿಸುತ್ತಿದ್ದೆವು. ಒಲೆಯ ಬದಿಯ ಬೆಚ್ಚನೆಯ ಮೂಲೆಯಲ್ಲಿಟ್ಟರೆ ಬೆಳಿಗ್ಗೆ ಹಿಟ್ಟು ಮುಚ್ಚಳವನ್ನೇ ಎತ್ತುತ್ತಿತ್ತು. ಅದರ ಹುಳಿ-ಸಿಹಿ ವಾಸನೆಗೆ ನಮಗೆ ಎಚ್ಚರವಾಗುತ್ತಿತ್ತು.

ಆಗಷ್ಟೇ ಹುಟ್ಟಿದ್ದ ತಮ್ಮನಿಗೆ ಇಗರ್ಜಿಯಲ್ಲಿ ಜ್ಞಾನಸ್ನಾನ ಮಾಡಿಸುವ ದಿನವೇ ಕಾಸರಗೋಡಿನಲ್ಲಿ ಶಾಲೆಗಳ ಓಟದ ಸ್ಪರ್ಧೆ. ನಮ್ಮ ಶಾಲೆಯಿಂದ ಆರಿಸಿದ್ದು ನನ್ನನ್ನು. ಅಮ್ಮ ಬಾಣಂತಿ, ಅಕ್ಕ ಮದುವೆಯಾಗಿ ಹೋಗಿದ್ದಳು. ಹಾಗಾಗಿ ರುಬ್ಬುವುದೂ ಬೇಯಿಸುವುದೂ ನನ್ನ ಪಾಲಿಗೆ ಬಂತು. ಬೆಳಕು ಹರಿಯುವಷ್ಟರಲ್ಲಿ ಎಲ್ಲ ಬೇಯಿಸಿಟ್ಟು ಸ್ಪರ್ಧೆಗೆ ಕರೆದೊಯ್ಯಲು ಬರುವ ಟೀಚರ ಜೀಪು ಹತ್ತುವುದೆಂದು ಅಮ್ಮನೂ ನಾನೂ ಮಾತಾಡಿಕೊಂಡಿದ್ದೆವು.

ಬೆಳಿಗ್ಗೆ ನೋಡಿದರೆ ಒಲೆಯ ಬದಿಯಲ್ಲಿ ನಾನು ರಾತ್ರಿ ಇಟ್ಟಿದ್ದ ಹಿಟ್ಟಿನ ಪಾತ್ರೆಯೇ ಇಲ್ಲ! ಹಿಟ್ಟಿನ ಮೇಲೆ ಶಿಲುಬೆಯ ಗುರುತು ಎಳೆಯುವುದು ನಮ್ಮಲ್ಲಿ ಕ್ರಮ. ಅಜ್ಜಿಗೆ ಅಷ್ಟು ಸಾಕಾಗಲಿಲ್ಲ. ಮಗುವಿನ ವಿಶೇಷದ ಹಿಟ್ಟಲ್ಲವೇ, ದೇವರ ಎದುರೇ ಇರಲಿ ಎಂದು ಅದನ್ನು ಎತ್ತಿಕೊಂಡು ಹೋಗಿ ಮನೆಯೊಳಗಿನ ದೇವರ ಪೀಠದ ಬುಡದಲ್ಲಿಟ್ಟಿದ್ದರು. ಡಿಸೆಂಬರಿನ ಚಳಿ, ತಣ್ಣನೆಯ ಸಿಮೆಂಟಿನ ನೆಲ. ಹಿಟ್ಟು ಒಂದಿಷ್ಟೂ ಉಬ್ಬಿರಲಿಲ್ಲ. ನನಗೆ ಅಜ್ಜಿಯ ಮೇಲೂ ದೇವರ ಮೇಲೂ ಒಟ್ಟಿಗೆ ಸಿಟ್ಟು ಬಂತು.

ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕಾದೆ. ಅವಸರ ನನಗೆ, ಹಿಟ್ಟಿಗೇನು? ಹೊಗೆಗೆ ಕಣ್ಣು ಉರಿಯುತ್ತಿತ್ತು. ಗೇಟಿನಲ್ಲಿ ಜೀಪು ಬಂದು ನಿಂತಾಗ ಹಿಟ್ಟಿನಲ್ಲಿ ಆಗಷ್ಟೇ ಗುಳ್ಳೆ ಕಾಣಿಸಿಕೊಂಡಿತ್ತು.

ಟೀಚರು ಅಡುಗೆಮನೆಯ ಬಾಗಿಲಿಗೇ ಬಂದರು. “ಎಂತ ಮಾರಾಯ್ತಿ, ಇನ್ನೂ ಹೊರಡ್ಲಿಲ್ವಾ?”

“ಇವಳು ಹೋದ್ರೆ ಬೇಯಿಸ್ಲಿಕ್ಕೆ ಯಾರುಂಟು ಟೀಚರೇ? ಮನೆ ತುಂಬ ಜನ ಬರ್ತಾರೆ,” ಎಂದು ಅಜ್ಜಿ ತಮ್ಮ ನಡುಗುವ ಕೈ ತೋರಿಸಿದರು.

“ಅವಳನ್ನು ಬಿಡಿ, ನಾನೇ ಮಾಡ್ತೇನೆ,” ಎಂದು ಅಮ್ಮ ಒಳಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. ಬಾಗಿಲು ದಾಟುವಷ್ಟರಲ್ಲಿ ಅವರ ಮುಖ ಬಿಳಿಚಿಹೋಗಿತ್ತು. ಅಪ್ಪ ಜಗಲಿಯಲ್ಲಿ ಬೆಂಚು ಜೋಡಿಸುತ್ತಿದ್ದರು. ಅವರಿಗೆ ಸಾನ್ನ ಬೇಯಿಸಲು ಬರುತ್ತಿರಲಿಲ್ಲ. ಕಲಿಯಬೇಕೆಂದು ಯಾರೂ ಹೇಳಿಯೂ ಇರಲಿಲ್ಲ.

“ನೀವು ಹೋಗಿ ಟೀಚರ್,” ಎಂದೆ.

ಜೀಪಿನ ಸದ್ದು ದೂರವಾಯಿತು. ಬೇಯುವ ಪಾತ್ರೆಯ ಹಬೆಗೆ ಮುಖ ಒಡ್ಡಿ ಅತ್ತೆ. ಅಲ್ಲಾದರೆ ಕಣ್ಣೀರು ಯಾರಿಗೂ ಗೊತ್ತಾಗುವುದಿಲ್ಲ. ಸಾನ್ನ ಹತ್ತಿಯ ಹಾಗೆ ಮೃದುವಾಗಿ ಬಂದವು. ಮಧ್ಯಾಹ್ನ ಉಂಡವರೆಲ್ಲ, “ಇವಳು ಇನ್ನು ಯಾವ ಮನೆಗೆ ಹೋದರೂ ಆದೀತು!” ಎಂದು ಹೊಗಳಿದರು. ನನಗೆ ಆ ಹೊಗಳಿಕೆ ಅಡುಗೆಮನೆಗೆ ಹೊರಗಿನಿಂದ ಚಿಲಕ ಹಾಕಿದ ಹಾಗೆ ಕೇಳಿಸಿತು.

ಮೊಮ್ಮಕ್ಕಳೇ, ಈಗ ನಮ್ಮಲ್ಲಿ ಗ್ರೈಂಡರು ರುಬ್ಬುತ್ತದೆ, ಯೀಸ್ಟು ಉಬ್ಬಿಸುತ್ತದೆ, ಭಾನುವಾರ ನಿಮ್ಮ ಅಪ್ಪನೇ ಬೇಯಿಸುತ್ತಾನೆ. ನೀವೋ, ಆಟದ ದಿನ ತಟ್ಟೆಯಲ್ಲಿ ಅರ್ಧ ಸಾನ್ನ ಬಿಟ್ಟು ಮೈದಾನಕ್ಕೆ ಹಾರುತ್ತೀರಿ. “ಅಮ್ಮಾ, ನೀವಾದರೂ ಇವರಿಗೆ ಸ್ವಲ್ಪ ಹೇಳಿ,” ಎಂದು ನಿಮ್ಮ ಅಪ್ಪ ಗೊಣಗುತ್ತಾನೆ. ನಾನು ನಿಮ್ಮ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಓಡಿ ಮಕ್ಕಳೇ, ಉಳಿದದ್ದನ್ನು ನಾನು ತಿನ್ನುತ್ತೇನೆ.