ತೊಳೆಯದೆ ಇಟ್ಟ ಸೈಕಲ್ಲು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ಸಂಸಾರ, ಅದರಾಚೆ ಹಿತ್ತಿಲಲ್ಲಿ ಒಗೆಯುವ ಕಲ್ಲು ಮತ್ತು ಸಿಮೆಂಟಿನ ತೊಟ್ಟಿ. ಒಗೆಯುವುದು ಅವಳ ಪಾಲಿನ ಕೆಲಸ. ಇಸ್ತ್ರಿ ಮಾಡಿ, ಗಂಟು ಕಟ್ಟಿ, ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವುದು ಗಂಡನದು. ಮಸಿಯಾಗಲಿ, ತುಕ್ಕಾಗಲಿ, ಎಂಥ ಕಲೆಯಾದರೂ ಅವಳ ಕೈಗೆ ಸಿಕ್ಕರೆ ಅದರ ಕಥೆ ಮುಗಿದಂತೆ. ಎದುರಿಗೆ ನಿಂತವರ ಅಂಗಿಯ ಮೇಲೆ ಒಂದು ಚುಕ್ಕೆ ಕಂಡರೂ ಸಾಕು, ಅವರು ಹೇಳುವ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಇವಳ ಮುಂದೆ ಊಟಕ್ಕೆ ಕೂರಲೂ ಭಯವಾಗುತ್ತದೆ ಎಂದು ಗಂಡ ಬಂದವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದ.

ಒಂದು ಬೆಳಿಗ್ಗೆ ಅವನು ಬಟ್ಟೆಯ ಗಂಟು ಕಟ್ಟಿಕೊಂಡು ಹೊರಟವನು ಮಾರುಕಟ್ಟೆಯ ತಿರುವಿನಲ್ಲಿ ಲಾರಿಯ ಕೆಳಗೆ ಬಿದ್ದ. ಮುಂದಿನ ಚಕ್ರ ಅವನ ಬಲಗಾಲಿನ ಮೇಲೆ ಹಾದು, ಅಂಗಿಯ ತೋಳನ್ನು ಉಜ್ಜಿಕೊಂಡು ಹೋಯಿತು. ಲಾರಿಯ ಚಾಲಕ ಓಡಿಹೋಗಲಿಲ್ಲ. ಅವನೇ ಆಟೋ ಕರೆದು ಆಸ್ಪತ್ರೆಗೆ ಸೇರಿಸಿದ. ಆದರೆ ಪೊಲೀಸರ ಮುಂದೆ ಅವನು ಹೇಳಿದ್ದು ಬೇರೆ. ಸೈಕಲ್ಲಿನವನು ಮರಳಿನ ಮೇಲೆ ಜಾರಿ ತಾನಾಗಿಯೇ ಬಿದ್ದ, ನನ್ನ ಗಾಡಿ ಅವನಿಗೆ ತಗುಲಲೇ ಇಲ್ಲ, ಮನುಷ್ಯತ್ವದಿಂದ ಎತ್ತಿಕೊಂಡು ಬಂದೆ ಎಂದ. ಗಂಡನಿಗೆ ತಿರುವು ನೆನಪಿತ್ತು, ಆಸ್ಪತ್ರೆಯ ದೀಪ ನೆನಪಿತ್ತು, ನಡುವಿನದು ಏನೂ ನೆನಪಿರಲಿಲ್ಲ. ಅಷ್ಟು ಬೆಳಿಗ್ಗೆ ಅಂಗಡಿಗಳೂ ತೆರೆದಿರಲಿಲ್ಲ. ನೋಡಿದವರು ಯಾರೂ ಸಿಗಲಿಲ್ಲ.

ಆಸ್ಪತ್ರೆಯವರು ಅವನ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟರು. ಸಂಜೆ ಹಾಸಿಗೆ, ತಟ್ಟೆ, ಲೋಟ ತರಲೆಂದು ಮನೆಗೆ ಬಂದಳು. ಚೀಲ ಬಿಚ್ಚಿದಾಗ ಅಂಗಿಯ ತೋಳಿನುದ್ದಕ್ಕೂ ಟೈರಿನ ಕಪ್ಪು ಗೆರೆ, ಅದರ ಮೇಲೆ ರಕ್ತ. ಅವಳಿಗೆ ಅಳು ಬರಲಿಲ್ಲ. ಕೈ ತಾನಾಗಿ ಸೀಮೆಎಣ್ಣೆಯ ಬಾಟಲಿಗೆ ಹೋಯಿತು. ಮೊದಲು ತಣ್ಣೀರಿನಲ್ಲಿ ರಕ್ತ, ಆಮೇಲೆ ಸೀಮೆಎಣ್ಣೆ ಹಚ್ಚಿ ಜಿಡ್ಡು, ಕೊನೆಗೆ ಸಾಬೂನು. ಕಲ್ಲಿನ ಮುಂದೆ ಕೂತು, ಆ ಗೆರೆಯೊಂದು ಹೋದರೆ ಗಂಡನ ಕಾಲೂ ಸರಿಹೋಗುತ್ತದೆ ಎನ್ನುವಂತೆ ಉಜ್ಜಿದಳು. ಗೆರೆ ಪೂರ್ತಿ ಹೋಯಿತು. ಮರುದಿನ ಅಂಗಿಗೆ ಇಸ್ತ್ರಿ ಮಾಡಿ ಮಡಚಿಟ್ಟಳು.

ಅಂಗಡಿಯಲ್ಲಿ ವಕೀಲೆಯೊಬ್ಬರ ಕರಿಕೋಟು ನೇತಾಡುತ್ತಿತ್ತು. ಅದನ್ನು ಕೊಡಲು ಹೋದವಳು ಬಾಗಿಲಲ್ಲಿ ನಿಂತೇ ನಡೆದದ್ದನ್ನೆಲ್ಲ ಹೇಳಿದಳು. ವಕೀಲೆ ಅವಳನ್ನು ಒಳಗೆ ಕರೆದು ಕೂರಿಸಿ ಒಂದೊಂದಾಗಿ ಕೇಳಿದರು. ಪೊಲೀಸರಿಗೆ ನಿಮ್ಮ ಕಡೆಯಿಂದ ದೂರು ಕೊಟ್ಟಿದ್ದೀರಾ? ಇಲ್ಲ. ಲಾರಿ ಗುದ್ದಿದ್ದು ಎಂದು ಆಸ್ಪತ್ರೆಯಲ್ಲಿ ಬರೆಸಿದ್ದೀರಾ? ಗೊತ್ತಿಲ್ಲ. ಜಾಗದ ಫೋಟೊ? ಇಲ್ಲ.

"ಅವರು ಹಾಕ್ಕೊಂಡಿದ್ದ ಬಟ್ಟೆ ಎಲ್ಲಿ?"

"ಒಗೆದು ಇಸ್ತ್ರಿ ಮಾಡಿಟ್ಟಿದೀನಿ, ಮೇಡಂ. ಒಂಚೂರೂ ಕಲೆ ಉಳಿದಿಲ್ಲ."

ವಕೀಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಲಾರಿ ತಗುಲಿತ್ತು ಎಂದು ಹೇಳಬಹುದಾಗಿದ್ದ ಸಾಕ್ಷಿ ಆ ಗೆರೆಯೇ ಆಗಿತ್ತು ಎಂದು ಮೆಲ್ಲಗೆ ಬಿಡಿಸಿ ಹೇಳಿದರು. ತಗುಲಿತ್ತೆಂದು ತೋರಿಸಲಾಗದಿದ್ದರೆ ಲಾರಿಯ ವಿಮಾ ಕಂಪನಿ ಪರಿಹಾರ ಕೊಡದೆ ಕೈಯೆತ್ತಿಬಿಡುತ್ತದೆ. ಕಾಲು ಮುರಿದದ್ದು ಅವನದು, ದುಡಿಮೆ ಹೋದದ್ದು ಇಡೀ ಮನೆಯದು. ಲಾಂಡ್ರಿ ಅಕ್ಕನಿಗೆ, ಇಷ್ಟು ವರ್ಷ ಜನ ಹೊಗಳಿದ ಕೈ ತನ್ನ ಮನೆಯನ್ನೇ ತೊಳೆದುಬಿಟ್ಟಿತಲ್ಲ ಎನ್ನಿಸಿತು.

"ಸೈಕಲ್ಲು?" ಎಂದು ವಕೀಲೆ ಕೇಳಿದರು.

ಅವಳು ಎದ್ದು ಓಡಿದಳು. ಸೈಕಲ್ಲು ಅವಳ ತಮ್ಮನ ಅಂಗಡಿಯಲ್ಲಿತ್ತು, ಮತ್ತು ತಮ್ಮ ಸೈಕಲ್ ರಿಪೇರಿಯವನು. ಭಾವ ಮನೆಗೆ ಬರುವಷ್ಟರಲ್ಲಿ ಹೊಸದರ ಹಾಗೆ ಮಾಡಿ ನಿಲ್ಲಿಸುತ್ತೇನೆ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದ. ಏದುಸಿರು ಬಿಡುತ್ತ ಅವಳು ಅಲ್ಲಿಗೆ ತಲುಪಿದಾಗ ಅವನು ಮುಂದಿನ ಚಕ್ರ ಬಿಚ್ಚಿ ಸೊಟ್ಟ ತೆಗೆಯುತ್ತಿದ್ದ. ಪಕ್ಕದಲ್ಲಿ ಮರಳುಕಾಗದ ಕಾಯುತ್ತಿತ್ತು.

"ಹ್ಯಾಂಡಲ್ ಮುಟ್ಟಿದ್ಯೇನೋ?"

"ಇನ್ನೂ ಇಲ್ಲ ಅಕ್ಕ. ಯಾವ್ದೋ ನೀಲಿ ಬಣ್ಣ ಮೆತ್ತಿದೆ ನೋಡು, ಈಗ ಉಜ್ಜಿ ತೆಗೀತೀನಿ."

"ತೆಗೆದ್ರೆ ನಿನ್ನ ಕೈ ಮುರೀತೀನಿ," ಎಂದು ಅವಳು ಸೈಕಲ್ಲಿಗೆ ಅಡ್ಡ ನಿಂತಳು.

ತಮ್ಮ ಕಕ್ಕಾಬಿಕ್ಕಿಯಾದ. ಹಾಳಾದದ್ದನ್ನು ಕಂಡ ಕೂಡಲೇ ಸರಿಮಾಡಲು ಕೂರುವುದು ಆ ಮನೆಯವರ ರಕ್ತದಲ್ಲೇ ಇತ್ತು. ಸರಿಮಾಡಬೇಡ ಎಂಬ ಮಾತು ಅಕ್ಕನ ಬಾಯಿಂದ ಬಂದದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಅಂದೇ ವಕೀಲೆ ದೂರು ಬರೆದುಕೊಟ್ಟರು. ಅಕ್ಕ ತಮ್ಮ ಇಬ್ಬರೂ ಸೈಕಲ್ಲನ್ನು ಹೊತ್ತುಕೊಂಡೇ ಠಾಣೆಗೆ ಹೋದರು. ಸಾಹೇಬರು ಇಲ್ಲ, ನಾಳೆ ಬನ್ನಿ ಎಂದ ಅಲ್ಲಿದ್ದ ಪೇದೆ. ಅವಳು ಸೈಕಲ್ಲಿನ ಪಕ್ಕ ನೆಲದ ಮೇಲೆ ಕೂತಳು. ಸಾಹೇಬರು ಬರುವವರೆಗೆ ಏಳಲಿಲ್ಲ. ಅವರು ಬಂದು ಫೋಟೊ ತೆಗೆಸಿದರು, ಲಾರಿಯನ್ನೂ ತರಿಸಿ ತಪಾಸಣೆ ಮಾಡಿಸಿದರು. ಲಾರಿ ನೀಲಿಯದು. ಅದರ ಬಂಪರಿನ ಎಡಮೂಲೆಯಲ್ಲಿ ಹ್ಯಾಂಡಲಿನ ಎತ್ತರಕ್ಕೇ ಸರಿಯಾಗಿ ಒಂದು ಗೀರಿತ್ತು, ಗೀರಿನಲ್ಲಿ ಕರಿ ರಬ್ಬರು ಮೆತ್ತಿಕೊಂಡಿತ್ತು.

ಇಷ್ಟಾದರೂ ವಿಮಾ ಕಂಪನಿ ಒಪ್ಪಲಿಲ್ಲ, ವಕೀಲೆ ಪರಿಹಾರಕ್ಕೆ ಕೇಸು ಹಾಕಿದರು. ಅಷ್ಟರಲ್ಲಿ ಲಾರಿ ಮಾಲೀಕನ ಕಡೆಯವನೊಬ್ಬ ಹಣ್ಣಿನ ಬುಟ್ಟಿ ಹಿಡಿದುಕೊಂಡು ಆಸ್ಪತ್ರೆಗೆ ಬಂದ. ಆಸ್ಪತ್ರೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ, ಕೋರ್ಟು ಕಚೇರಿ ನಿಮಗೇಕೆ, ಇಲ್ಲೊಂದು ಸಹಿ ಹಾಕಿಬಿಡಿ ಎಂದು ಬೆಣ್ಣೆಯಂಥ ಮಾತಾಡಿದ. ಮಂಚದ ಮೇಲಿದ್ದ ಗಂಡ ಪೆನ್ನಿಗೆ ಕೈ ಚಾಚಿಯೂ ಬಿಟ್ಟಿದ್ದ. ಅವಳು ಮಾತ್ರ ಬಂದವನ ತೋಳಿನ ಮೇಲಿದ್ದ ಕಾಫಿಯ ಕಲೆಯನ್ನೇ ನೋಡುತ್ತಿದ್ದಳು.

"ಅಂಗಿ ಬೇಕಾದ್ರೆ ಬಿಟ್ಟು ಹೋಗಿ ಅಣ್ಣ, ನಾಳೆ ಬೆಳ್ಳಗೆ ಮಾಡಿ ಕೊಡ್ತೀನಿ. ಸಹಿ ವಿಷಯ ನಮ್ಮ ವಕೀಲರ ಹತ್ರ ಮಾತಾಡಿ."

ಅವನು ಹಣ್ಣಿನ ಬುಟ್ಟಿಯನ್ನೂ ಎತ್ತಿಕೊಂಡು ಹೋದ.

ಕೇಸು ಮುಗಿಯುವವರೆಗೆ ಇದ್ದದ್ದು ಇದ್ದ ಹಾಗೇ ಇರಬೇಕು, ಕರೆದಾಗ ತರಬೇಕು ಎಂದು ಬರೆಸಿಕೊಂಡು ಪೊಲೀಸರು ಸೈಕಲ್ಲನ್ನು ಅವಳ ವಶಕ್ಕೆ ಕೊಟ್ಟರು. ನಿಜವಾದ ಕಷ್ಟ ಶುರುವಾದದ್ದು ಆಗ. ಬೇರೆ ಜಾಗವಿಲ್ಲದೆ ಅದು ಅಂಗಡಿಯಲ್ಲೇ, ಒಗೆದ ಹೊದಿಕೆಗಳ ಪಕ್ಕದಲ್ಲೇ ನಿಂತಿತು. ಮಡ್‌ಗಾರ್ಡಿನ ಒಣಮಣ್ಣು ಉದುರುತ್ತಿತ್ತು. ಅವಳು ಕೆಳಗಿನ ನೆಲ ಗುಡಿಸುತ್ತಿದ್ದಳೇ ಹೊರತು ಸೈಕಲ್ಲಿಗೆ ಬಟ್ಟೆ ತಾಗಿಸುತ್ತಿರಲಿಲ್ಲ. ಕೈ ತುರಿಸಿದರೆ ಹಿತ್ತಿಲಿಗೆ ಹೋಗಿ ತೊಳೆದ ತೊಟ್ಟಿಯನ್ನೇ ಮತ್ತೆ ತೊಳೆಯುತ್ತಿದ್ದಳು. ಗಿರಾಕಿಗಳು ಮೂಗು ಮುರಿದರು. ಒಬ್ಬಿಬ್ಬರು ಬೇರೆ ಲಾಂಡ್ರಿಗೆ ಹೋದರು.

ಕಾಲಿಗೆ ರಾಡು ಹಾಕಿಸಿಕೊಂಡು ಬಂದ ಗಂಡನಿಗೆ ಇದೇ ಕಾಲಕ್ಷೇಪ. "ನನ್ನನ್ನ ದಿನಾ ಪಾತ್ರೆ ಉಜ್ಜಿದ ಹಾಗೆ ಉಜ್ಜಿ ಸ್ನಾನ ಮಾಡಿಸ್ತೀಯ, ಅದನ್ನ ಮಾತ್ರ ಮುಟ್ಟಲ್ಲ. ಯಾರ ಮೇಲೆ ಮರ್ಯಾದೆ ಜಾಸ್ತಿ ಕಣೇ ನಿಂಗೆ?"

"ಅದು ಸಾಕ್ಷಿ ಹೇಳತ್ತೆ ರೀ. ನೀವು ಮೂರ್ಛೆ ಹೋಗಿದ್ರಿ," ಎನ್ನುತ್ತಿದ್ದಳು.

ಆಸ್ಪತ್ರೆಯ ಚೀಟಿಗಳನ್ನೂ ಔಷಧಿಯ ರಸೀದಿಗಳನ್ನೂ ಒಂದು ದಿಂಬಿನ ಚೀಲದಲ್ಲಿ ತುಂಬಿಡುತ್ತಿದ್ದಳು. ಒಮ್ಮೆ ಮುದುರಿದ ರಸೀದಿಯನ್ನು ನೋಡಲಾರದೆ ಇಸ್ತ್ರಿ ಹಾಕಿದಳು. ಬಿಸಿ ತಾಗಿ ಅದು ಪೂರ್ತಿ ಕಪ್ಪಾಯಿತು. ನಾಲಿಗೆ ಕಚ್ಚಿಕೊಂಡು ಔಷಧಿ ಅಂಗಡಿಗೆ ನಡೆದು ನಕಲು ತಂದಳು. ವಕೀಲೆ ಮಾತ್ರ ಅದನ್ನು ಕೇಳಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅಂತೂ ಅವಳು ಸಾಕ್ಷಿಕಟ್ಟೆ ಹತ್ತುವ ದಿನ ಬಂತು. ಕಂಪನಿಯ ವಕೀಲರು ನೇರವಾಗಿ ಅಂಗಿಗೇ ಕೈಹಾಕಿದರು. ಅದರ ಮೇಲೆ ಟೈರಿನ ಗುರುತು ಇರಲೇ ಇಲ್ಲ, ಅದಕ್ಕೇ ಒಗೆದೆ ಎಂದು ಕಥೆ ಕಟ್ಟುತ್ತಿದ್ದೀರಿ ಎಂದರು.

"ಗುರುತು ಇತ್ತು ಅಂತಲೇ ಒಗೆದದ್ದು ಸ್ವಾಮಿ. ಕಲೆ ಇಲ್ಲದ ಅಂಗಿಗೆ ಸೀಮೆಎಣ್ಣೆ ಯಾರು ಹಾಕ್ತಾರೆ?"

ಅಲ್ಲಲ್ಲಿ ನಗು ಕೇಳಿಸಿತು. ಅವಳು ನಗಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, "ಒಗೆದದ್ದು ನನ್ನ ತಪ್ಪು. ಅಂಗಿ ವಿಷಯದಲ್ಲಿ ನನ್ನ ಮಾತು ನಂಬಿ ಅಂತ ಕೇಳಲ್ಲ. ಸೈಕಲ್ಲು ಹೊರಗಿದೆ. ಅದನ್ನ ನಾನು ಒಂದ್ಸಲಾನೂ ಒರೆಸಿಲ್ಲ. ಅದನ್ನ ನೋಡಿ," ಎಂದಳು.

ನ್ಯಾಯಾಧೀಶರು ಎದ್ದು ಹೊರಗೆ ಬಂದು ನೋಡಿದರು. ಹ್ಯಾಂಡಲಿನ ನೀಲಿ, ಪೊಲೀಸರ ಫೋಟೊ, ಬಂಪರಿನ ಗೀರು ಮೂರೂ ಒಂದೇ ಮಾತು ಹೇಳುತ್ತಿದ್ದವು. ತಪ್ಪು ಲಾರಿಯದೆಂದು ತೀರ್ಪಾಯಿತು. ಕಾಲಿನ ಚಿಕಿತ್ಸೆಗೂ ನಿಂತುಹೋದ ದುಡಿಮೆಗೂ ಕಂಪನಿ ಪರಿಹಾರ ಕೊಡಬೇಕಾಯಿತು.

ಅದೇ ಸಂಜೆ ಅವಳು ಬಕೆಟ್ಟಿಗೆ ನೀರು ತುಂಬಿದಳು. ಅಷ್ಟರಲ್ಲಿ ವಕೀಲೆಯ ಫೋನು. ಕಂಪನಿಯವರು ಮೇಲಿನ ಕೋರ್ಟಿಗೆ ಹೋಗಬಹುದು, ಆ ಅವಧಿ ಮುಗಿಯುವವರೆಗೆ ಸೈಕಲ್ಲು ಮುಟ್ಟಬೇಡಿ ಎಂದರು. ಅವಳು ಆ ನೀರಿನಲ್ಲಿ ಅಂಗಡಿಯ ಮೆಟ್ಟಿಲು ತೊಳೆದಳು.

ಹಾಗೆ ಕಾಯುತ್ತಿದ್ದಾಗಲೇ ಹಾಲಿನವನ ಹೆಂಡತಿ ಬಂದಳು. ವ್ಯಾನೊಂದು ಗಂಡನಿಗೆ ಗುದ್ದಿತ್ತು. ಕೈಯಲ್ಲಿ ರಕ್ತದ ಅಂಗಿ, ಹೇಗಾದರೂ ಒಗೆದುಕೊಡಿ ಎಂಬ ಬೇಡಿಕೆ. ಲಾಂಡ್ರಿ ಅಕ್ಕ ಅಂಗಿಯನ್ನು ನೆರಳಲ್ಲಿ ಆರಲು ಹಾಕಿ, ಒಣಗಿದ ಮೇಲೆ ಕಾಗದದಲ್ಲಿ ಸುತ್ತಿ ವಾಪಸು ಅವಳ ಕೈಗಿಟ್ಟಳು.

"ಇದನ್ನ ನಾನು ಒಗೆಯಲ್ಲ ತಂಗಿ. ನೀನೂ ಒಗೆಯಬೇಡ. ನಡಿ, ಮೊದಲು ಠಾಣೆಗೆ ಹೋಗೋಣ," ಎಂದು ಚಪ್ಪಲಿ ಮೆಟ್ಟಿದಳು. ಬಂದ ಬಟ್ಟೆಯನ್ನು ಅವಳು ಒಗೆಯದೆ ವಾಪಸು ಕಳಿಸಿದ್ದು ಅದೊಂದೇ ಸಲ.

ಅವಧಿ ಮುಗಿದ ದಿನ ಸೈಕಲ್ಲು ಹಿತ್ತಿಲಿಗೆ ಬಂತು. ಗಂಡ ಊರುಗೋಲು ಒರಗಿಸಿ ಕಲ್ಲಿನ ಮೇಲೆ ಕೂತ. ಅವಳು ಸೆರಗು ಸಿಕ್ಕಿಸಿ, ಚಕ್ರದಿಂದ ಶುರುಮಾಡಿ ಒಂದೊಂದು ಕಡ್ಡಿಯನ್ನೂ ತೊಳೆದಳು. ಕೊನೆಗೆ ಸೀಮೆಎಣ್ಣೆಯ ಬಟ್ಟೆ ಹಿಡಿದು ಹ್ಯಾಂಡಲಿಗೆ ಬಂದಳು.

"ಆ ನೀಲಿ ಇರಲಿ ಬಿಡೇ, ನೆನಪಿಗೆ," ಎಂದ ಗಂಡ.

"ನೆನಪಿಗೆ ನಿಮ್ಮ ಕಾಲಿದೆ," ಎಂದು ಅವಳು ಉಜ್ಜತೊಡಗಿದಳು.