ಅಮ್ಮನ ರವಿಕೆಗೆ ಎರಡು ಎಡತೋಳು

ಕತ್ತರಿ ಹಿಡಿಯಲು ಕಲಿತದ್ದಕ್ಕೆ ನನಗೆ ತಗಲಿದ ಖರ್ಚು, ಅಮ್ಮನ ಹಸಿರು ಸೀರೆಯ ರವಿಕೆ ತುಂಡು. ಫೀಸು ಕೊಟ್ಟು ಕಲಿತಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಹತ್ತನೇ ಕ್ಲಾಸು ಮುಗಿದ ವರ್ಷ ಉಪ್ಪಳ ಪೇಟೆಯಲ್ಲಿ ಸುಂದರಿಯಕ್ಕನ ಟೈಲರ್ ಅಂಗಡಿಗೆ ಕಲಿಯಲು ಸೇರಿದೆ. ಹೊಸಬರು ಮೊದಲ ವರ್ಷ ಹುಕ್ಕು ಹಾಕಬೇಕು, ಅಂಚು ಮಡಚಿ ಹೊಲಿಯಬೇಕು, ತಪ್ಪಿದ ಹೊಲಿಗೆ ಬಿಚ್ಚಬೇಕು. ಕತ್ತರಿ ಮುಟ್ಟುವ ಹಾಗಿಲ್ಲ. ಕೈಖರ್ಚಿಗೆ ಅಷ್ಟಿಷ್ಟು ಸಿಗುತ್ತಿತ್ತು.

ನಾನು ಆಗಲೇ ಚೌಕಾಸಿಯವಳು. "ಅಕ್ಕಾ, ಕೈಖರ್ಚು ಬೇಡ. ಕಟ್ಟಿಂಗ್ ಈಗಲೇ ಕಲಿಸಿ" ಎಂದೆ.

ಅಕ್ಕ ಕನ್ನಡಕದ ಮೇಲಿಂದ ನೋಡಿದರು. "ಆಯ್ತು ಮಾರಾಯ್ತಿ. ಆದರೆ ಗಿರಾಕಿಯ ಬಟ್ಟೆ ಅಲ್ಲ, ನಿನ್ನ ಮನೆಯದ್ದು ತಾ. ಹಳೆಯದ್ದು ಬೇಡ. ಹೋದರೆ ಹೊಟ್ಟೆ ಉರಿಯುವಂಥದ್ದು."

ಚಿಕ್ಕಮ್ಮನ ಮದುವೆಗೆಂದು ಅಮ್ಮ ತೆಗೆದಿಟ್ಟ ಹೊಸ ಸೀರೆ ಇತ್ತು. "ಹಾಳು ಮಾಡಿದರೆ ಅಂಗಡಿ ಬಂದ್. ಮನೆಯಲ್ಲಿ ಕೂತು ಬೀಡಿ ಕಟ್ಟು" ಎಂದೇ ಅಮ್ಮ ಅದರ ರವಿಕೆ ತುಂಡು ಕೊಟ್ಟರು.

ಬೆನ್ನು, ಎದೆ ಸರಿ ಬಂತು. ತೋಳನ್ನು ಬಟ್ಟೆ ಮಡಚದೆ ಒಂದಾದ ಮೇಲೆ ಒಂದು ಕತ್ತರಿಸಿದೆ. ತೋಳಿನ ಎದುರು ಬದಿ ಸ್ವಲ್ಪ ಹೆಚ್ಚು ಒಳಗೆ ಕೊರೆಯಬೇಕು. ಬಟ್ಟೆ ಮಡಚಿ ಕತ್ತರಿಸಿದ್ದರೆ ಎಡ, ಬಲ ತಾನಾಗಿ ಬರುತ್ತಿತ್ತು; ನಾನು ಎರಡನ್ನೂ ಒಂದೇ ಬದಿಗೆ ಕೊರೆದಿದ್ದೆ.

ಅಕ್ಕ ಎರಡನ್ನೂ ಎತ್ತಿ ಹಿಡಿದರು. "ನಿನ್ನ ಅಮ್ಮನಿಗೆ ಎರಡೂ ಎಡಗೈಯಾ?"

ಅಂಗಡಿಯಿಡೀ ನಕ್ಕಿತು. ನನ್ನ ಕಣ್ಣಮುಂದೆ ಬೀಡಿ ಎಲೆಯ ಕಟ್ಟು.

"ನಾನು ಮುಟ್ಟುವುದಿಲ್ಲ" ಎಂದರು ಅಕ್ಕ. "ಒಂದು ತೋಳಿನ ಇನ್ನೊಂದು ಬದಿ ಕೊರೆ. ಆ ಚೂರನ್ನು ತಪ್ಪಿದ ಬದಿಗೆ ಸೇರಿಸು. ಕಂಕುಳಲ್ಲಿ ಬರುತ್ತದೆ, ಕೈ ಕೆಳಗಿದ್ದರೆ ಕಾಣುವುದಿಲ್ಲ."

ಹಾಗೇ ಮಾಡಿದೆ. ಅಮ್ಮ ಉಟ್ಟು ತೊಟ್ಟು ನೋಡಿದರು, ಕೈ ಕೆಳಗಿದ್ದಾಗ ಚೂರು ಕಾಣಲಿಲ್ಲ. ಆದರೆ ಮದುವೆಯಲ್ಲಿ ಅಕ್ಷತೆ ಹಾಕಲು ಕೈ ಎತ್ತಬೇಕಲ್ಲ. ಎತ್ತಿದರು. ಪಕ್ಕದ ಮನೆಯ ಗಿರಿಜಕ್ಕ ಬಗ್ಗಿ ನೋಡಿದರು.

"ಎಂತ ಇದು, ಕಂಕುಳಲ್ಲಿ ತುಂಡು?"

"ಬೇಕೆಂದೇ ಇಟ್ಟದ್ದು" ಎಂದರು ಅಮ್ಮ, ತಲೆ ತಿರುಗಿಸದೆ. "ಅಲ್ಲಿ ಗಟ್ಟಿ ಇದ್ದರೆ ಬೇಗ ಹರಿಯುವುದಿಲ್ಲ. ನನ್ನ ಮಗಳ ಕೈಕೆಲಸ. ನಿನಗೂ ಒಂದು ಬೇಕಾ?"

ಚೌಕಾಸಿ ನನಗೆ ಎಲ್ಲಿಂದ ಬಂತೆಂದು ಅವತ್ತು ಗೊತ್ತಾಯಿತು. ಗಿರಿಜಕ್ಕ ನನ್ನ ಮೊದಲ ಗಿರಾಕಿ.

ಈಗ ನನ್ನದೇ ಅಂಗಡಿ ಉಂಟು. ಅಮ್ಮ ಇಲ್ಲ, ಆ ರವಿಕೆ ಉಂಟು. ಹೊಸಬರು ಬಂದಾಗ ಮೊದಲು ಅದರ ಕಂಕುಳು ತೋರಿಸುತ್ತೇನೆ.

ಮಕ್ಕಳನ್ನು ಕೆಲಸ ಕಲಿಯಲು ಕಳಿಸುವವರೇ, ತಿಂಗಳಿಗೆ ಎಷ್ಟು ಕೊಡುತ್ತಾರೆಂದು ಆಮೇಲೆ ಕೇಳಿ. ಕತ್ತರಿ ಯಾವಾಗ ಕೊಡುತ್ತಾರೆಂದು ಮೊದಲು ಕೇಳಿ. ಮನೆಯಿಂದ ಒಂದು ಒಳ್ಳೆಯ ಬಟ್ಟೆಯನ್ನೂ ಕೊಟ್ಟು ಕಳಿಸಿ. ಮತ್ತೆ, ತೋಳು ಕತ್ತರಿಸುವಾಗ ಬಟ್ಟೆ ಮಡಚಿಕೊಳ್ಳಲಿ.