ಚೀಟಿಯಲ್ಲಿ ಬಂದ ಪ್ರಶ್ನೆ

ಶಿಕಾರಿಪುರದ ಕಾಲೇಜೊಂದರಲ್ಲಿ ನಾನು ಗಣಿತ ಪಾಠ ಮಾಡುತ್ತಿದ್ದೆ. ಮನೆ ಸೊರಬದಲ್ಲಿ, ದಿನಾ ಬಸ್ಸು. ಅತಿಥಿ ಉಪನ್ಯಾಸಕಿ ಎಂಬುದು ನನ್ನ ಹುದ್ದೆಯ ಹೆಸರು. ಅತಿಥಿ ಅಂತ ಯಾರಾದರೂ ಒಂದು ಲೋಟ ಕಾಫಿ ಕೊಟ್ಟಿದ್ದರೆ ಕೇಳಿ!

ನಮ್ಮ ವಿಭಾಗದ ಮುಖ್ಯಸ್ಥರು ಗಣಿತವನ್ನು ಬಾಯಿಪಾಠ ಮಾಡಿಸುವುದರಲ್ಲಿ ಎತ್ತಿದ ಕೈ. ಪ್ರಮೇಯ ಗೈಡಿನಲ್ಲಿ ಹೇಗಿದೆಯೋ ಉತ್ತರಪತ್ರಿಕೆಯಲ್ಲೂ ಹಾಗೇ ಇಳಿಯಬೇಕು. ಯಾಕೆ ಸರ್ ಎಂದು ಕೇಳಿದವರಿಗೆ, ಅದು ಸಿಲೆಬಸ್ಸಲ್ಲಿಲ್ಲ ಎಂಬ ಉತ್ತರ. ಇಂಥ ಮಹಾನುಭಾವರು ಒಂದು ವಿಚಾರ ಸಂಕಿರಣ ಇಟ್ಟುಕೊಂಡರು. ವಿಷಯ ಏನು ಅಂತೀರಿ? 'ಗಣಿತ ಕಲಿಕೆ ಮತ್ತು ವಿಮರ್ಶಾತ್ಮಕ ಚಿಂತನೆ.' ನನಗೆ ನಗು ತಡೆಯಲಾಗಲಿಲ್ಲ.

ನಮ್ಮ ಕಾಲೇಜಿನಲ್ಲಿ ಇಂಥ ಕಾರ್ಯಕ್ರಮಗಳಿಗೆ ಒಂದು ಪದ್ಧತಿಯಿತ್ತು. ಸಭೆಯಲ್ಲಿ ಯಾರೂ ಪ್ರಶ್ನೆ ಕೇಳದಿದ್ದರೆ ಮರ್ಯಾದೆ ಹೋಗುತ್ತದೆ, ನಿಜವಾಗಿ ಕೇಳಿಬಿಟ್ಟರೆ ಇನ್ನೂ ಹೆಚ್ಚು ಹೋಗುತ್ತದೆ. ಅದಕ್ಕೆ ಮುಖ್ಯಸ್ಥರೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು. ಉತ್ತರ ಮೊದಲೇ ಭಾಷಣಕಾರರ ಜೇಬು ಸೇರಿರುತ್ತಿತ್ತು.

ಆ ಸಲ ಒಂದು ಚೀಟಿ ನಮ್ಮ ಸೊರಬದ ಕಡೆಯ ಉಳವಿಯಿಂದ ಬರುತ್ತಿದ್ದ ಕೊನೆಯ ವರ್ಷದ ಹುಡುಗಿಯ ಕೈಗೆ ಬಂತು. ಅವಳಿಗೆ ಎಂ.ಎಸ್ಸಿ. ಮಾಡುವ ಹಂಬಲ. ಸರ್ಕಾರಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಸಾಕು ಎಂದು ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಸೀಟು ಅಂಕದ ಮೇಲೆ ನಿಂತಿತ್ತು, ಇಂಟರ್ನಲ್ ಅಂಕ ಮುಖ್ಯಸ್ಥರ ಮರ್ಜಿಯ ಮೇಲೆ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಭಾಷಣಕಾರರು ಶಿವಮೊಗ್ಗದಿಂದ ಬಂದಿದ್ದರು. "ಗಣಿತ ಓದಿದವರೆಲ್ಲರೂ ಸ್ವಂತವಾಗಿ ಯೋಚಿಸುತ್ತಾರೆ!" ಎಂದು ಮೇಜು ಕುಟ್ಟಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಮುಖ್ಯಸ್ಥರೇ.

ಹುಡುಗಿ ಮೈಕಿನ ಮುಂದೆ ನಿಂತಳು. ನಮ್ಮಂಥ ಗ್ರಾಮೀಣ ವಿದ್ಯಾರ್ಥಿಗಳಿಗೆ ಗಣಿತದಿಂದಾಗುವ ಪ್ರಯೋಜನಗಳನ್ನು ತಿಳಿಸಿಕೊಡಬೇಕು ಎಂದು ಚೀಟಿಯಲ್ಲಿದ್ದುದನ್ನು ಓದಿದಳು. ಓದಿ, ಕೂರಲಿಲ್ಲ.

"ಸರ್, ಇದು ನಾನು ಯೋಚ್ನೆ ಮಾಡಿದ ಪ್ರಶ್ನೆ ಅಲ್ಲ, ಬರ್ದುಕೊಟ್ಟಿದ್ದು. ನಾನು ಗಣಿತ ಓದ್ತಾ ಇದೀನಿ, ಆದ್ರೂ ಬೇರೆಯೋರು ಯೋಚ್ಸಿದ್ದನ್ನೇ ಓದ್ದೆ, ಬರ್ದುಕೊಟ್ಟೋರೂ ಗಣಿತ ಓದಿದೋರೇ. 'ಎಲ್ಲರೂ' ಅನ್ನೋ ಮಾತು ಸುಳ್ಳಾಗೋಕೆ ಒಂದು ಉದಾಹರಣೆ ಸಾಕು ಅಂತ ಕ್ಲಾಸಲ್ಲಿ ಕಲ್ತಿದೀವಿ. ಹಂಗಾದ್ರೆ ನೀವು ಹೇಳಿದ್ದು ತಪ್ಪಲ್ವಾ ಸರ್?"

ಭಲೇ! ಎದ್ದು ಕುಣಿಯಬೇಕೆನಿಸಿತು ನನಗೆ. ಅದು ನಾನು ಕಲಿಸಿದ ಪಾಠ. ಪರೀಕ್ಷೆಗೆ ಬರುವುದಿಲ್ಲವೆಂದು ಅರ್ಧ ತರಗತಿ ತೂಕಡಿಸಿದ್ದ ಪಾಠ. ಭಾಷಣಕಾರರು ಏನು ಮಾಡಿದರು ಗೊತ್ತೇ? ಜೇಬಿನಿಂದ ಕಾಗದ ತೆಗೆದು, "ಗಣಿತದ ಪ್ರಯೋಜನಗಳು ಹಲವಾರು" ಎಂದು ಓದತೊಡಗಿದರು.

ಮಧ್ಯಾಹ್ನ ಮುಖ್ಯಸ್ಥರ ಕೋಣೆಗೆ ನಮ್ಮಿಬ್ಬರಿಗೂ ಕರೆ ಬಂತು.

"ಏನ್ರೀ ಮೇಡಂ, ಇದನ್ನೇ ಏನ್ರೀ ನೀವು ಕಲಿಸಿದ್ದು?"

"ಹೌದು ಸರ್. ಸಿಲೆಬಸ್ಸಲ್ಲೇ ಇದೆ."

ಅವರು ಹುಡುಗಿಯ ಕಡೆ ತಿರುಗಿದರು. "ಕ್ಷಮೆ ಕೇಳು. ಇಂಟರ್ನಲ್ಸು ನನ್ನ ಕೈಯಾಗೈತಿ, ಮರೀಬ್ಯಾಡ."

ಅವಳು ಮೇಜಿನ ಹತ್ತಿರ ಬಂದಳು. "ಕೇಳ್ತೀನಿ ಸರ್. ನಾನು ಹೇಳಿದ್ರಲ್ಲಿ ಯಾವ ಮಾತು ತಪ್ಪು ಅಂತ ತೋರ್ಸಿ, ಅದಕ್ಕೆ ಕ್ಷಮೆ ಕೇಳ್ತೀನಿ."

ಮುಖ್ಯಸ್ಥರು ಮೇಜಿನ ಮೇಲಿದ್ದ ಗೈಡನ್ನು ತಿರುವಿಹಾಕತೊಡಗಿದರು. ಗೋಡೆಯ ಮೇಲೆ ಅವರ ಚಿನ್ನದ ಪದಕದ ಫೋಟೊ ಬೇರೆ. ಬೋರ್ಡಿನ ಮೇಲೆ ತೋರಿಸಿ ಸರ್, ನಾನೂ ಕಲಿಯುತ್ತೇನೆ ಎಂದೆ.

"ಅಧಿಕಪ್ರಸಂಗ! ಎದ್ದು ನಡೀರಿ ಇಬ್ರೂ!"

ತಪ್ಪು ಸಿಗಲಿಲ್ಲವಲ್ಲ, ಅಂಕ ಕತ್ತರಿಸಿದರು. ಲಿಖಿತ ಪರೀಕ್ಷೆಯಲ್ಲಿ ಅವಳೇ ತರಗತಿಗೆ ಮೊದಲು, ಆದರೂ ಇಂಟರ್ನಲ್ ಎಳೆದ ಎಳೆತಕ್ಕೆ ಸೀಟು ಕೂದಲೆಳೆಯಲ್ಲಿ ತಪ್ಪಿತು. ನನಗೂ ಮುಂದಿನ ಸೆಮಿಸ್ಟರಿನಲ್ಲಿ ಪಾಠದ ಅವಧಿ ಉಳಿಸಲಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಅವಳದ್ದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಂಕಿರಣ ಭರ್ಜರಿ ಯಶಸ್ವಿಯಾಯಿತೆಂದು ವಿಶ್ವವಿದ್ಯಾಲಯಕ್ಕೆ ವರದಿ ಹೋಯಿತು. ಅದರ ಮುಖಪುಟಕ್ಕೆ ಮುಖ್ಯಸ್ಥರು ಆರಿಸಿದ್ದು ಮೈಕ್ ಹಿಡಿದು ನಿಂತ ಆ ಹುಡುಗಿಯ ಚಿತ್ರ. 'ಸ್ವಂತವಾಗಿ ಯೋಚಿಸುವ ನಮ್ಮ ವಿದ್ಯಾರ್ಥಿನಿ' ಎಂದು ಕೆಳಗೆ ಬರೆಸಿದ್ದರು, ಥೂ. ಅಷ್ಟು ಹೊತ್ತಿಗೆ ಅವಳು ಪುಸ್ತಕಗಳನ್ನು ಕಟ್ಟಿಟ್ಟು ಉಳವಿಯ ಮನೆಯಲ್ಲಿ ಕೂತಿದ್ದಳು.